ಭುಜ ಹಿಡಿದಾಗ ಚಿಕಿತ್ಸೆಯ ನೋವು ತಗ್ಗಿಸುವುದು ಹೇಗೆ: ವ್ಯಾಯಾಮ, ಇಂಜೆಕ್ಷನ್, ಅರಿವಳಿಕೆ ಹಂತ ಹಂತವಾಗಿ

ಭುಜ ಹಿಡಿದವರಲ್ಲಿ (ವೈದ್ಯರು ಇದನ್ನು 'ಫ್ರೋಜನ್ ಶೋಲ್ಡರ್' ಎನ್ನುತ್ತಾರೆ) ಬಹಳ ಮಂದಿ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾರೆ. ಫಿಸಿಯೋಥೆರಪಿಗೆ ಎರಡು ದಿನ ಹೋಗಿ ಮೂರನೇ ದಿನ ಮನೆಯಲ್ಲಿ ಉಳಿಯುತ್ತಾರೆ, ಇಂಜೆಕ್ಷನ್ ಎಂದ ಕೂಡಲೇ ದಿನ ಮುಂದೂಡುತ್ತಾರೆ, ಕಡೆಗೆ ಕೈ ಜಗ್ಗಿ 'ಬಿಡಿಸುವವರ' ಹತ್ತಿರ ಹೋಗಿ ಇನ್ನಷ್ಟು ಕೆಡಿಸಿಕೊಂಡು ಬರುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಇದೇ ಹಾಡು. ಕಾರಣ ಚಿಕಿತ್ಸೆಯ ನೋವು. ಆ ನೋವಿನ ಹಿಂದೆ ಗಟ್ಟಿಯಾಗಿ ಬೇರೂರಿದ ನಂಬಿಕೆಯೊಂದಿದೆ: "ತಡಕೊಂಡಷ್ಟು ಲಗೂ ಸಡಿಲ ಆಗ್ತದ."

ಹಾಗಾಗುವುದಿಲ್ಲ. ಈ ಕಾಯಿಲೆಯಲ್ಲಿ ಭುಜದ ಕೀಲನ್ನು ಸುತ್ತಿದ ಚೀಲ ಮೊದಲು ಉರಿಯೂತದಿಂದ ಕೆಂಪಾಗಿ, ಆಮೇಲೆ ದಪ್ಪಗಾಗಿ ಕುಗ್ಗುತ್ತದೆ. ಉರಿಯುತ್ತಿರುವ ಚೀಲವನ್ನು ಬಲವಾಗಿ ಜಗ್ಗಿದರೆ ಉರಿಯೂತ ಹೆಚ್ಚುತ್ತದೆ, ಸುತ್ತಲಿನ ಸ್ನಾಯುಗಳು ಬಿಗಿದುಕೊಂಡು ಕೈಯನ್ನು ಇನ್ನಷ್ಟು ಕಟ್ಟಿಹಾಕುತ್ತವೆ. ನೋವು ಕಡಿಮೆ ಮಾಡಿಕೊಂಡೇ ಚಿಕಿತ್ಸೆ ಪಡೆಯಬೇಕು, ಅದು ಸಾಧ್ಯವೂ ಹೌದು. ಯಾವುದನ್ನು ಯಾವಾಗ, ಯಾವುದರ ನಂತರ ಮಾಡಬೇಕು ಎನ್ನುವುದರಲ್ಲೇ ಮುಕ್ಕಾಲು ಪಾಲು ಕೆಲಸ ಇದೆ.

ಹಂತ 1: ಇದು ಫ್ರೋಜನ್ ಶೋಲ್ಡರ್ ಹೌದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ

ಮೊಣಕೈಯನ್ನು ಪಕ್ಕೆಗೆ ಒತ್ತಿ, 90 ಡಿಗ್ರಿ ಮಡಚಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಎರಡೂ ಕೈ ಹೋಲಿಸಿ ನೋಡಿ. ಹಿಡಿದ ಭುಜದಲ್ಲಿ ಎಲ್ಲಕ್ಕಿಂತ ಮೊದಲು ಮತ್ತು ಹೆಚ್ಚು ಕುಗ್ಗುವುದು ಈ ಚಲನೆ. ಈಗ ಬೇರೆಯವರು ನಿಮ್ಮ ಕೈಯನ್ನು ಮೆಲ್ಲಗೆ ಅದೇ ರೀತಿ ತಿರುಗಿಸಲಿ. ನೀವು ತಿರುಗಿಸಿದಾಗ ನಿಂತ ಜಾಗದಲ್ಲೇ ಅವರು ತಿರುಗಿಸಿದಾಗಲೂ ನಿಂತರೆ ಚೀಲ ಬಿಗಿದಿರುವ ಸಾಧ್ಯತೆ ಹೆಚ್ಚು. ನಿಮಗೆ ಎತ್ತಲಾಗದ ಕೈಯನ್ನು ಬೇರೆಯವರು ಸಲೀಸಾಗಿ ಎತ್ತುತ್ತಾರೆ ಎಂದಾದರೆ ತೊಂದರೆ ಸ್ನಾಯುರಜ್ಜುವಿನದ್ದಿರಬಹುದು, ಅದರ ದಾರಿಯೇ ಬೇರೆ.

ಒಂದು ಎಕ್ಸ್-ರೇ ಬೇಕೇ ಬೇಕು. ಫ್ರೋಜನ್ ಶೋಲ್ಡರ್ ಅದರಲ್ಲಿ ಕಾಣುವುದಿಲ್ಲ. ತೆಗೆಸುವುದು ಬೇರೆ ರೋಗ ಇಲ್ಲ ಎಂದು ತಿಳಿಯಲಿಕ್ಕೆ. ಫಿಟ್ಸ್ ಬಂದ ಮೇಲೆ, ಕರೆಂಟ್ ಹೊಡೆದ ಮೇಲೆ ಅಥವಾ ಬಿದ್ದ ಮೇಲೆ ಭುಜ ಹಿಡಿದಿದ್ದರೆ ಕೀಲು ಹಿಂದಕ್ಕೆ ಸರಿದು ಸಿಕ್ಕಿಕೊಂಡಿರಬಹುದು. ಎದುರಿನಿಂದ ಮಾತ್ರ ತೆಗೆದ ಎಕ್ಸ್-ರೇಯಲ್ಲಿ ಅದು ಕಣ್ತಪ್ಪುತ್ತದೆ, ಆದ್ದರಿಂದ ಕಂಕುಳ ಕಡೆಯಿಂದ ತೆಗೆದ ನೋಟವೂ ಇರಲಿ. ಭುಜದ ಕ್ಷಯವೂ ಫ್ರೋಜನ್ ಶೋಲ್ಡರ್‌ನ ವೇಷದಲ್ಲೇ ಬರುತ್ತದೆ. ಒಣ ಬಗೆಯ ಕ್ಷಯದಲ್ಲಿ ಕೀವು, ಬಾವು ಹೊರಗೆ ಕಾಣದೆ ಭುಜದ ಮಾಂಸ ಮಾತ್ರ ಕರಗುತ್ತಾ ಹೋಗುತ್ತದೆ. ಅಂಥ ಕೀಲಿಗೆ ಸ್ಟೆರಾಯ್ಡ್ (ಉರಿಯೂತ ಇಳಿಸುವ ಔಷಧ) ಇಂಜೆಕ್ಷನ್ ಹಾಕಿದರೆ ಅನಾಹುತ. ಸಂಜೆ ಜ್ವರ, ತೂಕ ಇಳಿಕೆ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಕೇಳುವ ಮೊದಲೇ ಹೇಳಿಬಿಡಿ.

ಜೊತೆಗೆ ಎರಡು ರಕ್ತಪರೀಕ್ಷೆ: ಸಕ್ಕರೆ (ಮೂರು ತಿಂಗಳ ಸರಾಸರಿ ಸೇರಿ) ಮತ್ತು ಥೈರಾಯ್ಡ್. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಹಿಡಿಯುವುದು ಹೆಚ್ಚು, ಬಿಡುವುದು ನಿಧಾನ. ಭುಜದ ನೆಪದಲ್ಲಿ ಸಕ್ಕರೆ ಪತ್ತೆಯಾಗುವುದೂ ಅಪರೂಪವಲ್ಲ. ಮೂಳೆ ವಿಭಾಗ, ಎಕ್ಸ್-ರೇ, ಪ್ರಯೋಗಾಲಯ ಮೂರೂ ಒಂದೇ ಕಡೆ ಸಿಗಬೇಕೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ.

ಹಂತ 2: ನಿಮ್ಮ ಭುಜ ಯಾವ ಘಟ್ಟದಲ್ಲಿದೆ ನೋಡಿ

ಮೊದಲ ಘಟ್ಟದಲ್ಲಿ ನೋವೇ ಮುಂದೆ. ಕೈ ಅಲ್ಲಾಡಿಸದಿದ್ದರೂ ನೋಯುತ್ತದೆ, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಇದು ಸುಮಾರು 2ರಿಂದ 9 ತಿಂಗಳು. ಎರಡನೆಯದರಲ್ಲಿ ನೋವು ಇಳಿದು ಬಿಗಿತ ಉಳಿಯುತ್ತದೆ, ಕೈಯನ್ನು ಕೊನೆಯವರೆಗೆ ಒಯ್ದಾಗ ಮಾತ್ರ ಚುಚ್ಚುತ್ತದೆ. ಇದು 4ರಿಂದ 12 ತಿಂಗಳು. ಮೂರನೆಯದರಲ್ಲಿ ತಾನಾಗಿ ಸಡಿಲವಾಗತೊಡಗುತ್ತದೆ.

ಮೊದಲ ಘಟ್ಟದವರಿಗೆ ಎರಡನೇ ಘಟ್ಟದ ವ್ಯಾಯಾಮ ಮಾಡಿಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುವ ವ್ಯಾಯಾಮದಿಂದ ಪಕ್ಕದ ಮನೆಯವರಿಗೆ ಗುಣವಾಯಿತು ಎಂದು ನೀವೂ ಶುರುಮಾಡಿದರೆ ರಾತ್ರಿಯ ನಿದ್ದೆ ಹೋದೀತು. ಕೂತಲ್ಲೇ ನೋವಿದ್ದರೆ, ರಾತ್ರಿ ಏಳಿಸುತ್ತಿದ್ದರೆ ಜಗ್ಗುವ ಚಿಕಿತ್ಸೆಗೆ ಇನ್ನೂ ಹೊತ್ತು ಬಂದಿಲ್ಲ. ಮೊದಲು ಉರಿಯೂತ ಇಳಿಸುವ ಕೆಲಸ (ಔಷಧ, ಇಂಜೆಕ್ಷನ್, ಮೆದು ಚಲನೆ), ಆಮೇಲೆ ಎಳೆತ. 2004ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ ನೋವಿನ ಮಿತಿಯೊಳಗೆ ಕೈ ಆಡಿಸಿದವರು, ನೋವು ಮೀರಿ ಜಗ್ಗಿಸಿಕೊಂಡವರಿಗಿಂತ ಎರಡು ವರ್ಷದ ಕೊನೆಗೆ ಚೆನ್ನಾಗಿದ್ದರು.

ಹಂತ 3: ಬೇಕಾದ ಸಾಮಾನು ಒಟ್ಟುಮಾಡಿಕೊಳ್ಳಿ

ಬಿಸಿನೀರಿನ ಚೀಲ, ಎರಡು ಟವೆಲ್, ಎರಡು ದಿಂಬು, ಸುಮಾರು ಒಂದು ಮೀಟರ್ ಉದ್ದದ ನಯವಾದ ಕೋಲು. ಕಸಬರಿಗೆಯ ಪೈಪ್ ಹಿಡಿ ಸಾಕು, ತೊಗರಿ ಕಟ್ಟಿಗೆ ಬೇಡ, ಗಂಟು ಅಂಗೈಗೆ ಚುಚ್ಚುತ್ತದೆ. ಸಕ್ಕರೆ ಇರುವವರಿಗೆ ಗ್ಲೂಕೋಮೀಟರ್ ಮತ್ತು ಕನಿಷ್ಠ 20 ಪಟ್ಟಿ. ಮುಂದೆ ಗುಂಡಿ ಇರುವ ಸಡಿಲ ಅಂಗಿ. ಹೆಂಗಸರಿಗೆ ಮುಂದೆ ಹುಕ್ಕಿನ, ತೋಳು ಸಡಿಲ ಇರುವ ಜಂಪರ್. ಇಂಜೆಕ್ಷನ್ ದಿನ ಬಿಗಿ ತೋಳಿನ ಜಂಪರ್ ಹಾಕಿಕೊಂಡು ಹೋದರೆ ಸೂಜಿಗಿಂತ ಬಟ್ಟೆ ಬಿಚ್ಚುವುದೇ ಹೆಚ್ಚು ನೋಯುತ್ತದೆ. ಹಾಕುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಅದೇ ಕೈ ಕೊನೆಗೆ.

ಒಂದು ಸಣ್ಣ ನೋಟ್‌ಬುಕ್ ಕೂಡ ಇರಲಿ. ವ್ಯಾಯಾಮಕ್ಕೆ ಮುಂಚೆ, ಮುಗಿದ ಕೂಡಲೇ, ಮರುದಿನ ಬೆಳಿಗ್ಗೆ ಹೀಗೆ ಮೂರು ಸಲ ನೋವಿಗೆ 0ಯಿಂದ 10ರವರೆಗೆ ಅಂಕ ಹಾಕಿ. "ಭಾಳ ನೋಯ್ತದ್ರಿ" ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. "ಮುಂಚೆ 3, ಮುಗಿದಾಗ 6, ಮರುದಿನ 5" ಎಂದರೆ ಪ್ರಮಾಣ ಜಾಸ್ತಿಯಾಗಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಹಂತ 4: ಗುಳಿಗೆಯ ಹೊತ್ತು ಸರಿಮಾಡಿಕೊಳ್ಳಿ

ನೋವಿನ ಗುಳಿಗೆಯನ್ನು ಫಿಸಿಯೋಥೆರಪಿ ಮುಗಿಸಿ ಮನೆಗೆ ಬಂದು ನುಂಗುವವರೇ ಹೆಚ್ಚು. ಅಷ್ಟೊತ್ತಿಗೆ ನೋಯುವುದೆಲ್ಲ ನೋಯ್ದಾಗಿರುತ್ತದೆ. ಪ್ಯಾರಾಸಿಟಮಾಲ್ ಕೆಲಸ ಶುರುಮಾಡಲು ಅರ್ಧದಿಂದ ಒಂದು ತಾಸು ಬೇಕು. 10 ಗಂಟೆಗೆ ವ್ಯಾಯಾಮವಿದ್ದರೆ 9ಕ್ಕೆ ನುಂಗಬೇಕು. ಆಳಂದದಿಂದಲೋ ಸೇಡಂನಿಂದಲೋ ಬಸ್ಸಿನಲ್ಲಿ ಬರುವವರು ಬಸ್ ಹತ್ತುವಾಗ ಅಲ್ಲ, ಆಸ್ಪತ್ರೆಯಲ್ಲಿ ನಿಮ್ಮ ಪಾಳಿ ಬರುವ ಹೊತ್ತನ್ನು ಲೆಕ್ಕ ಹಾಕಿ ನುಂಗಿ.

ವಯಸ್ಕರಿಗೆ ಒಂದು ಸಲಕ್ಕೆ 500 ಅಥವಾ 650 ಮಿ.ಗ್ರಾಂ. ಎರಡು ಗುಳಿಗೆಗಳ ನಡುವೆ 6 ತಾಸು ಅಂತರ ಇಟ್ಟರೆ ಒಳ್ಳೆಯದು, ದಿನಕ್ಕೆ ಒಟ್ಟು 3 ಗ್ರಾಂ ಮೀರದಿರಲಿ. ಲಿವರ್ ತೊಂದರೆ ಇರುವವರು, ದಿನವೂ ಕುಡಿಯುವವರು ಇದಕ್ಕೂ ಕಡಿಮೆ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಇಲ್ಲೊಂದು ಬಲೆ ಇದೆ. ಔಷಧದ ಅಂಗಡಿಯಲ್ಲಿ 'ನೋವಿನ ಗುಳಿಗೆ' ಎಂದು ಕೊಡುವ ಅಸಿಕ್ಲೋಫಿನಾಕ್ ಜೋಡಿ ಗುಳಿಗೆಯಲ್ಲಿ ಪ್ಯಾರಾಸಿಟಮಾಲ್ ಆಗಲೇ ಸೇರಿರುತ್ತದೆ. ಅದರ ಮೇಲೆ ಡೋಲೊ 650 ಬೇರೆ ನುಂಗಿದರೆ ಗೊತ್ತಿಲ್ಲದೇ ಪ್ರಮಾಣ ಹೆಚ್ಚಾಗುತ್ತದೆ. ಪಟ್ಟಿಯ ಹಿಂದಿನ ಹೆಸರುಗಳನ್ನು ಓದಿಸಿಕೊಂಡೇ ತಗೊಳ್ಳಿ.

ಐಬುಪ್ರೋಫೆನ್, ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್ ಬಗೆಯವು ಉರಿಯೂತಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಎಲ್ಲರಿಗೂ ಅಲ್ಲ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದ್ರೋಗ, ರಕ್ತ ತೆಳುಮಾಡುವ ಗುಳಿಗೆ ಇದ್ದವರು ವೈದ್ಯರು ಬರೆದುಕೊಡದೆ ಮುಟ್ಟಬಾರದು. ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಔಷಧ ಸೇರಿದ ಗುಳಿಗೆ ನುಂಗುವವರು ಇನ್ನೂ ಹುಷಾರು. ಈ ಮೂರೂ ಸೇರಿದಾಗ ಕಿಡ್ನಿಗೆ ಪೆಟ್ಟು ಬೀಳಬಹುದು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ನೀರು ಕುಡಿಯದೆ ತಿರುಗಾಡುವವರಿಗಂತೂ ಅಪಾಯ ಎದುರಿಗೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಇವು ಬೇಡವೇ ಬೇಡ.

ಹೆಸರಿಲ್ಲದ ಪುಡಿ, ಕಾಗದದಲ್ಲಿ ಕಟ್ಟಿಕೊಟ್ಟ ಗುಳಿಗೆಯಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಖುಷಿಪಡಬೇಡಿ, ಅದರಲ್ಲಿ ಸ್ಟೆರಾಯ್ಡ್ ಇರುವ ಸಾಧ್ಯತೆ ಇದೆ. ಸಕ್ಕರೆ ಏರುವುದು ಆಮೇಲೆ ತಿಳಿಯುತ್ತದೆ.

ಹಂತ 5: ವ್ಯಾಯಾಮದ ಹೊತ್ತು

ಮೊದಲು ಶಾಖ. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಭುಜದ ಮುಂದೆ ಮತ್ತು ಮೇಲೆ 10ರಿಂದ 15 ನಿಮಿಷ ಇಡಿ. ಚೀಲದ ಮೇಲೆ ಮಲಗಬೇಡಿ. ಸಕ್ಕರೆಯಿಂದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಮನೆಯ ಇನ್ನೊಬ್ಬರು ತಮ್ಮ ಮುಂಗೈಗೆ ಮುಟ್ಟಿಸಿ ನೋಡಲಿ, ಐದು ನಿಮಿಷಕ್ಕೊಮ್ಮೆ ಚರ್ಮದ ಬಣ್ಣ ನೋಡಲಿ. ಶಾಖ ಕೊಟ್ಟು ಚಹಾ ಕುಡಿದು, ಮಾತಾಡಿ, ಆಮೇಲೆ ಶುರುಮಾಡಿದರೆ ಪ್ರಯೋಜನವಿಲ್ಲ. ಚೀಲ ತೆಗೆದ ಕೂಡಲೇ ಕೈ ಆಡಬೇಕು.

ಚಲನೆಗಳ ಸಾಲು ಹೀಗಿರಲಿ.

ಜೋಲಾಟ: ನೋವಿಲ್ಲದ ಕೈಯನ್ನು ಮೇಜಿನ ಅಥವಾ ಕಟ್ಟೆಯ ಮೇಲೆ ಊರಿ, ಸೊಂಟದಿಂದ ಬಾಗಿ, ನೋವಿನ ಕೈಯನ್ನು ಜೋಲಿಬಿಡಿ. ಮೈಯನ್ನು ಹಿಂದೆ ಮುಂದೆ ತೂಗಿ, ಕೈ ತಾನಾಗಿ ತೂಗಲಿ. ಹಿಂದೆ-ಮುಂದೆ, ಅಡ್ಡ, ಸುತ್ತ, ತಲಾ ಒಂದು ನಿಮಿಷ. ಎಲ್ಲರೂ ತಪ್ಪುವುದು ಇಲ್ಲೇ: ಭುಜದ ಬಲದಿಂದ ಕೈ ತಿರುವುತ್ತಾರೆ. ಹಾಗೆ ಮಾಡಿದರೆ ಸ್ನಾಯು ಬಿಗಿಯುತ್ತದೆ, ನೋವು ಕೂಡಲೇ ಹೆಚ್ಚುತ್ತದೆ. ಬೆರಳು ಸಡಿಲವಾಗಿವೆಯೇ ನೋಡಿಕೊಳ್ಳಿ. ಮುಷ್ಟಿ ಕಟ್ಟಿದ್ದರೆ ಭುಜವೂ ಬಿಗಿದಿದೆ ಎಂದೇ ಅರ್ಥ. ಬಾಗಿದರೆ ತಲೆ ತಿರುಗುವವರು ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಕೈಯನ್ನು ಮುಂದಕ್ಕೆ ಜಾರಿಸಲಿ.

ಮಲಗಿ ಕೈ ಎತ್ತುವುದು: ಬೆನ್ನ ಮೇಲೆ ಮಲಗಿ, ನೋವಿನ ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದು ತಲೆಯ ಕಡೆ ಒಯ್ಯಿರಿ. ಎತ್ತುವ ಕೆಲಸವೆಲ್ಲ ಒಳ್ಳೆಯ ಕೈಯದ್ದು. ನಿಂತು ಎತ್ತುವುದಕ್ಕಿಂತ ಇದು ಕಡಿಮೆ ನೋಯುತ್ತದೆ, ಯಾಕೆಂದರೆ ಬೆನ್ನಿನ ರೆಕ್ಕೆ ಮೂಳೆಗೆ ಮಂಚದ ಆಸರೆ ಇರುತ್ತದೆ.

ಕೋಲಿನಿಂದ ಹೊರಕ್ಕೆ ತಿರುಗಿಸುವುದು: ಮಲಗಿಯೇ, ನೋವಿನ ಕಡೆಯ ಮೊಣಕೈ ಕೆಳಗೆ ಸುತ್ತಿದ ಟವೆಲ್ ಇಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ಕೋಲನ್ನು ತಳ್ಳಿ ನೋವಿನ ಕೈಯನ್ನು ಹೊರಕ್ಕೆ ತಿರುಗಿಸಿ. ಟವೆಲ್ ಇಲ್ಲದಿದ್ದರೆ ಮೊಣಕೈ ಹಿಂದಕ್ಕೆ ಕುಸಿದು ಕೀಲಿನ ಚೀಲದ ಮುಂಭಾಗ ಅನವಶ್ಯಕವಾಗಿ ಜಗ್ಗುತ್ತದೆ. ಇದೊಂದು ಸಣ್ಣ ಸುರುಳಿಯಿಂದ ನೋವು ಕಡಿಮೆಯಾಗಬಹುದು.

ಎದೆಯ ಮೇಲೆ ಅಡ್ಡ ಒಯ್ಯುವುದು ಆಮೇಲೆ. ಬೆನ್ನ ಹಿಂದೆ ಟವೆಲ್ ಹಿಡಿದು ಜಗ್ಗುವುದು ಎಲ್ಲಕ್ಕಿಂತ ಕೊನೆಗೆ, ಅದೂ ರಾತ್ರಿ ನೋವು ನಿಂತವರಿಗೆ ಮಾತ್ರ. ಸೆರಗು ಸಿಗಿಸಲು, ಹಿಂದಿನ ಹುಕ್ಕು ಹಾಕಲು ಇದೇ ಚಲನೆ ಬೇಕಾದ್ದರಿಂದ ಎಲ್ಲರಿಗೂ ಇದರ ಮೇಲೇ ಕಣ್ಣು. ಅವಸರ ಮಾಡಿದರೆ ಮೊದಲು ಕೆರಳುವುದೂ ಇದರಿಂದಲೇ.

ಪ್ರತಿ ಎಳೆತವನ್ನು 15ರಿಂದ 20 ಸೆಕೆಂಡ್ ಹಿಡಿದು ನಿಲ್ಲಿಸಿ, 5 ಸಲ ಸಾಕು. ಉಸಿರು ಬಿಡುತ್ತಾ ಮುಂದೆ ಒಯ್ಯಿರಿ, ಉಸಿರು ಎಳೆಯುವಾಗ ಅಲ್ಲೇ ನಿಲ್ಲಿ. ದಿನಕ್ಕೊಮ್ಮೆ ಒಂದು ತಾಸು ಒದ್ದಾಡುವುದಕ್ಕಿಂತ ಮೂರು-ನಾಲ್ಕು ಸಲ ಹತ್ತು ಹತ್ತು ನಿಮಿಷ ಮಾಡುವುದು ಮೇಲು.

ನೋವಿನ ಮಿತಿ: ಎಳೆಯುವಾಗ 10ಕ್ಕೆ 4 ದಾಟಬಾರದು. ನಿಲ್ಲಿಸಿದ ಅರ್ಧ ತಾಸಿನೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಮರುದಿನ ಬೆಳಿಗ್ಗೆಯೂ ಹೆಚ್ಚಿದ್ದರೆ ಆ ದಿನ ಅರ್ಧ ಪ್ರಮಾಣ, ಬರೀ ಜೋಲಾಟ. ಪೂರ್ತಿ ಬಿಟ್ಟುಬಿಡುವುದೂ ತಪ್ಪು. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ. ಐಸ್ ಇಲ್ಲದ ಮನೆಯಲ್ಲಿ ಮಡಕೆ ನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಆದೀತು, ಬಿಸಿಯಾದಂತೆ ಬದಲಿಸುತ್ತಿರಿ.

ಫಿಸಿಯೋಥೆರಪಿಸ್ಟ್ ಕೈ ಹಿಡಿದು ಮಾಡಿಸುವಾಗ ಮೊದಲೇ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ. "ನಿಲ್ಸ್ರಿ" ಎಂದರೆ ಕೈಯನ್ನು ಅಲ್ಲೇ ಹಿಡಿದು ನಿಲ್ಲುವುದು, "ಬಿಡ್ರಿ" ಎಂದರೆ ಮೆಲ್ಲಗೆ ಹಿಂದಕ್ಕೆ ತರುವುದು. ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದು: ನೋವೆಂದು ಕೂಗಿದ ಕೂಡಲೇ ಕೈ ದಸಕ್ಕನೆ ಬಿಟ್ಟರೆ ಅದು ಎಳೆದದ್ದಕ್ಕಿಂತ ಹೆಚ್ಚು ನೋಯಿಸುತ್ತದೆ. ಮೊದಲ ಘಟ್ಟದಲ್ಲಿರುವವರು ಸಣ್ಣ, ಮೆಲ್ಲನೆಯ ತೂಗಾಟವನ್ನಷ್ಟೇ ಮಾಡಿಸಿ ಎಂದು ಕೇಳಬಹುದು, ಕೇಳಬೇಕು. ಅವರು ದಣಿದಿದ್ದಾರೆ, ಪಾಳಿ ಉದ್ದವಿದೆ ಎಂದು ಸುಮ್ಮನಿರಬೇಡಿ. ಹಲ್ಲು ಕಚ್ಚಿ ತಡೆದುಕೊಂಡ ರೋಗಿಯ ಭುಜ ಎಷ್ಟು ಬಿಗಿದಿದೆ ಎಂಬ ಅಂದಾಜು ಅವರಿಗೂ ಸಿಗುವುದಿಲ್ಲ.

ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದರಿಂದ ಕುತ್ತಿಗೆ-ಬೆನ್ನಿನ ಸ್ನಾಯುಗಳಿಗೆ ಹಿತವಾಗುತ್ತದೆ, ಅಷ್ಟೇ. ಮೊಣಕೈ ಊರಿ ತಿಕ್ಕುವುದು, ಕೈ ಹಿಡಿದು ಝಾಡಿಸುವುದು, ಬಾಗಿಲ ಚೌಕಟ್ಟಿಗೆ ಜೋತುಬೀಳುವುದು ಬೇಡ.

ಹಂತ 6: ಕೀಲಿನೊಳಗೆ ಇಂಜೆಕ್ಷನ್

ನೋವೇ ಮುಂದಿರುವ ಘಟ್ಟದಲ್ಲಿ ಸ್ಟೆರಾಯ್ಡ್ ಇಂಜೆಕ್ಷನ್ ಚೆನ್ನಾಗಿ ಫಲ ಕೊಡುತ್ತದೆ. ಸಾಮಾನ್ಯವಾಗಿ ಟ್ರಯಾಮ್ಸಿನೋಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೋಲೋನ್ 40 ಮಿ.ಗ್ರಾಂ ಅನ್ನು ಲಿಗ್ನೋಕೇನ್ (ಜೋಮು ಹಿಡಿಸುವ ಔಷಧ) ಜೊತೆ ಬೆರೆಸಿ ಹಾಕುತ್ತಾರೆ. ಭಯದಿಂದ ಮುಂದೂಡಿ ಆರು ತಿಂಗಳಾದ ಮೇಲೆ, ಬಿಗಿತ ಮಾತ್ರ ಉಳಿದಾಗ ಬಂದರೆ ಲಾಭ ಕಡಿಮೆ.

ಹೋಗುವ ಮುನ್ನ: ಉಪವಾಸ ಬೇಡ. ಆಪರೇಷನ್ ಎಂದುಕೊಂಡು ಖಾಲಿ ಹೊಟ್ಟೆಯಲ್ಲಿ ಬಂದು, ಬಿಸಿಲಲ್ಲಿ ಕಾದು, ಸೂಜಿ ನೋಡಿ ತಲೆತಿರುಗಿ ಬೀಳುವವರಿದ್ದಾರೆ. ತಿಂದು, ನೀರು ಕುಡಿದು ಹೋಗಿ. ಹಿಂದೆ ಸೂಜಿಗೆ ಎಚ್ಚರ ತಪ್ಪಿದ್ದರೆ ಮಲಗಿಸಿ ಕೊಡಿ ಎಂದು ಕೇಳಿ. ಜ್ವರ, ಚರ್ಮದ ಮೇಲೆ ಗಾಯ, ಕೀವು ಇದ್ದರೆ ಆ ದಿನ ಇಂಜೆಕ್ಷನ್ ಬೇಡ. ರಕ್ತ ತೆಳುಮಾಡುವ ಗುಳಿಗೆ, ಔಷಧದ ಅಲರ್ಜಿ, ಗರ್ಭ, ಸಕ್ಕರೆಯ ಮಟ್ಟ ಈ ನಾಲ್ಕನ್ನೂ ಹೇಳಲೇಬೇಕು. ರಕ್ತ ತೆಳುಮಾಡುವ ಗುಳಿಗೆಯನ್ನು ತಾವೇ ನಿಲ್ಲಿಸುವುದು ಅಪಾಯ.

ಚರ್ಮದ ಚುಚ್ಚು ಕಡಿಮೆ ಮಾಡಲು ಲಿಗ್ನೋಕೇನ್-ಪ್ರೈಲೋಕೇನ್ ಮುಲಾಮು ಸಿಗುತ್ತದೆ. ಸೂಜಿ ಹಾಕುವ ಜಾಗಕ್ಕೆ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಒಂದು ತಾಸು ಬಿಡಬೇಕು. ತಿಕ್ಕಿ ಒರೆಸಿ ಹತ್ತು ನಿಮಿಷಕ್ಕೆ ಹೋದರೆ ಏನೂ ಆಗುವುದಿಲ್ಲ. ಸೂಜಿ ಮುಂದಿನಿಂದಲೂ ಹಿಂದಿನಿಂದಲೂ ಹಾಕಬಹುದು, ಹಾಗಾಗಿ ಯಾವ ಕಡೆ ಎಂದು ಮೊದಲೇ ಕೇಳಿಕೊಳ್ಳಿ. ಮುಲಾಮು ಚರ್ಮವನ್ನು ಮಾತ್ರ ಜೋಮು ಹಿಡಿಸುತ್ತದೆ. ಒಳಗಿನ ನೋವಿಗೆ ಸಣ್ಣ ಸೂಜಿಯಿಂದ ಲಿಗ್ನೋಕೇನ್ ಹಾಕಿ, ಒಂದೆರಡು ನಿಮಿಷ ಕಾದು, ಆಮೇಲೆ ಉದ್ದ ಸೂಜಿ ಇಳಿಸಬೇಕು. ಅವಸರದಲ್ಲಿ ತಪ್ಪಿಹೋಗುವುದು ಈ ಕಾಯುವಿಕೆಯೇ. "ಸಾಹೇಬ್ರೆ, ಮೊದಲು ಜೋಮಿಂದು ಹಾಕ್ರಿ" ಎಂದು ಹೇಳುವುದರಲ್ಲಿ ಸಂಕೋಚ ಬೇಡ. ಅಲ್ಟ್ರಾಸೌಂಡ್ ನೋಡಿ ಹಾಕುವ ಅನುಕೂಲವಿದ್ದರೆ ಒಳ್ಳೆಯದು, ಸೂಜಿ ತಡಕಾಡುವುದು ಕಡಿಮೆಯಾಗುತ್ತದೆ.

ಹಾಕುವಾಗ: ಕೈಯನ್ನು ತೊಡೆಯ ಮೇಲೆ ದಿಂಬಿಟ್ಟು ಸಡಿಲವಾಗಿ ಇರಿಸಿ, ಹಲ್ಲು ಕಚ್ಚದೆ ಉದ್ದ ಉಸಿರು ಬಿಡಿ. ಒತ್ತಡ, ಭಾರ ಅನಿಸಿದರೆ ಅದು ಸಹಜ. ಕರೆಂಟ್ ಹೊಡೆದಂತೆ ಬೆರಳವರೆಗೆ ಓಡಿದರೆ ಅಲ್ಲಾಡದೆ ತಕ್ಷಣ ಬಾಯಿಬಿಟ್ಟು ಹೇಳಿ, ಸೂಜಿ ನರದ ಹತ್ತಿರವಿದೆ.

ಆಮೇಲೆ: ಲಿಗ್ನೋಕೇನ್‌ನ ಜೋಮು ಎರಡು-ಮೂರು ತಾಸಿನಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈ ಹಗುರಾಯಿತೆಂದು ಕೊಡ ಎತ್ತಬೇಡಿ, ಜಗ್ಗಿ ನೋಡಬೇಡಿ. ಚಿಂಚೋಳಿ, ಸುರಪುರ, ಔರಾದ್‌ನಂಥ ದೂರದ ಊರಿಗೆ ಬಸ್ಸಿನಲ್ಲಿ ಮರಳುವವರು ಹಿಂದಿನ ಸೀಟು ಬಿಟ್ಟು ನಡುವೆ ಕೂತು, ಮೊಣಕೈ ಕೆಳಗೆ ದಿಂಬು ಅಥವಾ ಮಡಚಿದ ಚಾದರ ಇಟ್ಟುಕೊಳ್ಳಿ, ಆ ಕೈಯಿಂದ ಕಂಬಿ ಹಿಡಿಯಬೇಡಿ. ಕೆಲವರಿಗೆ ಅದೇ ರಾತ್ರಿಯಿಂದ ಒಂದೆರಡು ದಿನ ನೋವು ಮೊದಲಿಗಿಂತ ಹೆಚ್ಚುತ್ತದೆ. ಇದು ಔಷಧಕ್ಕೆ ಕೀಲು ಕೆರಳಿದ್ದು, ತಾನಾಗಿ ಇಳಿಯುತ್ತದೆ. ಐಸ್, ಪ್ಯಾರಾಸಿಟಮಾಲ್ ಸಾಕು. ಇದನ್ನು ಮೊದಲೇ ಯಾರೂ ಹೇಳದ ಕಾರಣಕ್ಕೇ "ಸೂಜಿಯಿಂದ ಕೆಟ್ಟಿತು" ಎಂಬ ಮಾತು ಊರೆಲ್ಲ ಹಬ್ಬುತ್ತದೆ. ಔಷಧದ ಗುಣ ಕಾಣಲು ಕೆಲವು ದಿನ ಬೇಕು, ಆಗ ಸಿಗುವ ನೆಮ್ಮದಿಯ ವಾರಗಳೇ ವ್ಯಾಯಾಮ ಹೆಚ್ಚಿಸಲು ಸರಿಯಾದ ಕಾಲ. ನೋವು ಹೋಯಿತೆಂದು ವ್ಯಾಯಾಮ ಬಿಟ್ಟವರ ಬಿಗಿತ ಹಾಗೇ ಉಳಿಯುತ್ತದೆ.

ಮುಖ ಒಂದೆರಡು ದಿನ ಕೆಂಪಗೆ ಬಿಸಿಯಾಗಬಹುದು. ಸೂಜಿಯ ಜಾಗದಲ್ಲಿ ಚರ್ಮ ತೆಳುವಾಗಿ ಬಿಳಿ ಮಚ್ಚೆ ಉಳಿಯುವುದೂ ಉಂಟು. ಅದು ತೊನ್ನಲ್ಲ, ಔಷಧ ಚರ್ಮದಡಿ ಸೋರಿದ ಗುರುತು.

ಸಕ್ಕರೆ ಇರುವವರು ಇಂಜೆಕ್ಷನ್ ನಂತರ ಒಂದು ವಾರ ದಿನಕ್ಕೆ ಎರಡು-ಮೂರು ಸಲ ಪರೀಕ್ಷಿಸಿಕೊಳ್ಳಬೇಕು. ಏರಿಕೆ ಮೊದಲ ಕೆಲವು ದಿನ ಜಾಸ್ತಿ, ಬೆಳಗಿನದಕ್ಕಿಂತ ಊಟದ ನಂತರದ್ದು ಹೆಚ್ಚು ಏರುತ್ತದೆ. 300 ದಾಟಿದರೆ, ವಾಂತಿ, ಅತಿ ಬಾಯಾರಿಕೆ, ಮಂಪರು ಬಂದರೆ ವೈದ್ಯರನ್ನು ಕಾಣಿ. ಮೊದಲೇ ಸಕ್ಕರೆ ಹತೋಟಿ ತಪ್ಪಿದ್ದರೆ ಅದನ್ನು ಇಳಿಸಿಕೊಂಡು ಆಮೇಲೆ ಇಂಜೆಕ್ಷನ್.

ಹಂತ 7: ನೀರು ತುಂಬಿಸಿ ಚೀಲ ಹಿಗ್ಗಿಸುವುದು, ನರಕ್ಕೆ ಜೋಮು ಕೊಡುವುದು

ಆರೋಗ್ಯವಂತ ಭುಜದ ಚೀಲದಲ್ಲಿ 20 ಮಿ.ಲೀ.ಗಿಂತ ಹೆಚ್ಚು ದ್ರವ ಹಿಡಿಯುತ್ತದೆ, ಹಿಡಿದ ಭುಜದಲ್ಲಿ ಹೆಚ್ಚಾಗಿ 10 ಮಿ.ಲೀ. ಆಸುಪಾಸು. ಚೀಲ ಹಿಗ್ಗಿಸುವ ಈ ವಿಧಾನದಲ್ಲಿ (ಹೈಡ್ರೋಡೈಲಟೇಶನ್) ಸಲೈನ್, ಲಿಗ್ನೋಕೇನ್, ಸ್ಟೆರಾಯ್ಡ್ ಸೇರಿಸಿ 20ರಿಂದ 40 ಮಿ.ಲೀ.ವರೆಗೆ ತುಂಬುತ್ತಾರೆ. ನೋಯುವುದು ಸೂಜಿಯಲ್ಲ, ಒಳಗಿನ ಒತ್ತಡ. ಆದ್ದರಿಂದ ಮೂರು ಮಾತು ಮೊದಲೇ ಆಡಿಕೊಳ್ಳಿ: ಲಿಗ್ನೋಕೇನ್ ಮೊದಲು ಹೋಗಿ ಒಂದೆರಡು ನಿಮಿಷ ಕಳೆಯಲಿ, ಸಲೈನ್ ಫ್ರಿಜ್‌ನದ್ದಾಗಿರದೆ ಮೈ ಬಿಸಿಗೆ ಹತ್ತಿರವಿರಲಿ, ಕೆಲವು ಮಿ.ಲೀ.ಗೊಮ್ಮೆ ನಿಲ್ಲಿಸಿ ನಿಲ್ಲಿಸಿ ತುಂಬಲಿ. ಮಧ್ಯದಲ್ಲಿ ಒತ್ತಡ ಒಮ್ಮೆಲೇ ಇಳಿದಂತೆ ಅನಿಸಿದರೆ ಗಾಬರಿ ಬೇಡ, ಚೀಲ ಒಂದು ಕಡೆ ಬಿಟ್ಟುಕೊಟ್ಟಿದೆ.

ತೀರಾ ನೋವಿರುವವರಿಗೆ ಸುಪ್ರಾಸ್ಕ್ಯಾಪುಲರ್ ನರಕ್ಕೆ ಜೋಮಿನ ಔಷಧ ಹಾಕಿ ಆಮೇಲೆ ಹಿಗ್ಗಿಸುವುದೋ, ಫಿಸಿಯೋಥೆರಪಿ ಮಾಡಿಸುವುದೋ ಒಳ್ಳೆಯ ದಾರಿ. ಭುಜದ ಕೀಲಿನ ನೋವಿನ ಸುದ್ದಿಯ ಬಹುಪಾಲು ಈ ನರದ ಮೂಲಕವೇ ಹೋಗುತ್ತದೆ. ಅರಿವಳಿಕೆ ತಜ್ಞರು ಇದನ್ನು ಮಾಡುತ್ತಾರೆ. ಜೋಮು ಇರುವಾಗ ಮಾಡಿಸುವ ವ್ಯಾಯಾಮ ತಜ್ಞರ ಕೈಯಲ್ಲೇ ಆಗಬೇಕು. ನೋವಿನ ಎಚ್ಚರಿಕೆ ಇಲ್ಲದಾಗ ಮನೆಯಲ್ಲಿ ಜಗ್ಗಿಕೊಂಡರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಹಂತ 8: ಅರಿವಳಿಕೆ ಕೊಟ್ಟು ಬಿಡಿಸುವುದು ಅಥವಾ ದುರ್ಬೀನು ಶಸ್ತ್ರಚಿಕಿತ್ಸೆ

ತಿಂಗಳುಗಟ್ಟಲೆ ಮಾಡಿದರೂ ಬಗ್ಗದ ಭುಜಕ್ಕೆ ಇದು. 2020ರಲ್ಲಿ ಪ್ರಕಟವಾದ, 503 ಮಂದಿಯ ಬ್ರಿಟನ್ ಅಧ್ಯಯನದಲ್ಲಿ ಅರಿವಳಿಕೆಯಡಿ ಬಿಡಿಸುವುದು, ದುರ್ಬೀನಿನಿಂದ ಚೀಲ ಕತ್ತರಿಸುವುದು, ಇಂಜೆಕ್ಷನ್ ಜೊತೆ ಕ್ರಮಬದ್ಧ ಫಿಸಿಯೋಥೆರಪಿ ಈ ಮೂರರಲ್ಲಿ ಒಂದು ವರ್ಷದ ಹೊತ್ತಿಗೆ ಯಾವುದೂ ಉಳಿದವನ್ನು ಗಮನಾರ್ಹವಾಗಿ ಮೀರಿಸಲಿಲ್ಲ. ಹಾಗಾಗಿ ಆಪರೇಷನ್‌ಗೆ ಅವಸರ ಬೇಡ, ಬೇಕಾದಾಗ ಹೆದರಿಕೆಯೂ ಬೇಡ.

ನೋವಿನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಪೂರ್ಣ ಅರಿವಳಿಕೆಯ ಜೊತೆ ಕುತ್ತಿಗೆಯ ಬ್ಲಾಕ್ (ಕುತ್ತಿಗೆಯ ಬಳಿ ಕೈಯ ನರಗಳಿಗೆ ಜೋಮಿನ ಇಂಜೆಕ್ಷನ್) ಕೊಡುತ್ತೀರಾ? ಅದು ಎದ್ದ ಮೇಲಿನ ಮೊದಲ ಅರ್ಧ ದಿನದ ನೋವನ್ನು ತಡೆಯುತ್ತದೆ. ಬ್ಲಾಕ್ ಇದ್ದಾಗ ಕೈ ಪೂರ್ತಿ ಜೋಮು, ಧ್ವನಿ ಗೊಗ್ಗರು, ರೆಪ್ಪೆ ಜೋಲುವುದು, ಉಸಿರು ಸ್ವಲ್ಪ ಕಡಿಮೆಯಾದಂತೆ ಅನಿಸುವುದು ಸಾಮಾನ್ಯ, ಇಳಿದ ಮೇಲೆ ಹೋಗುತ್ತದೆ. ಅಸ್ತಮಾ, ಶ್ವಾಸಕೋಶದ ಕಾಯಿಲೆ ಇರುವವರು ಮೊದಲೇ ಹೇಳಬೇಕು.

ಉಪವಾಸ ಇಲ್ಲಿ ಬೇಕು: ಊಟ 6 ತಾಸು ಮುಂಚೆ ನಿಲ್ಲಬೇಕು, ಬರೀ ನೀರು 2 ತಾಸು ಮುಂಚಿನವರೆಗೆ ಆಗಬಹುದು, ಹಾಲು ಹಾಕಿದ ಚಹಾ ನೀರಿನ ಲೆಕ್ಕದಲ್ಲಿ ಬರುವುದಿಲ್ಲ. ಸಕ್ಕರೆ ಗುಳಿಗೆ, ಇನ್ಸುಲಿನ್ ಆ ದಿನ ಹೇಗೆಂದು ಬರೆಸಿಕೊಳ್ಳಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಗೆಯವನ್ನು ಕೆಲವು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ, ಗುಳಿಗೆಯ ಪಟ್ಟಿಯನ್ನೇ ಒಯ್ದು ತೋರಿಸಿ.

ಎಲ್ಲರೂ ಎಡವುವುದು ಮೊದಲ ರಾತ್ರಿ. ಬ್ಲಾಕ್ ಇರುವಾಗ ನೋವಿಲ್ಲ ಎಂದು ಗುಳಿಗೆ ಬಿಡುತ್ತಾರೆ, ಅದು ಇಳಿಯುವುದು ನಡುರಾತ್ರಿ ಅಥವಾ ಬೆಳಗಿನ ಜಾವ. ಆಗ ನೋವು ಒಮ್ಮೆಲೇ ಬರುತ್ತದೆ, ಗುಳಿಗೆ ನುಂಗಿದರೂ ಬೇಗ ಇಳಿಯುವುದಿಲ್ಲ. ಬೆರಳ ತುದಿ ಜುಮ್ಮೆನ್ನಲು ಶುರುವಾದ ಕೂಡಲೇ, ಅಥವಾ ಮಲಗುವ ಮುನ್ನ, ಬರೆದುಕೊಟ್ಟ ಗುಳಿಗೆ ನುಂಗಿ. ಜೋಮು ಹೋಗುವವರೆಗೆ ಕೈ ಜೋಳಿಗೆಯಲ್ಲೇ ಇರಲಿ, ಬಿಸಿ ಪಾತ್ರೆ, ಒಲೆ ಹತ್ತಿರ ಬೇಡ.

ಬಿಡಿಸಿದ ಭುಜ ಆಡಿಸದಿದ್ದರೆ ಮತ್ತೆ ಅಂಟುತ್ತದೆ. ಅದೇ ದಿನ ಅಥವಾ ಮರುದಿನದಿಂದ ವ್ಯಾಯಾಮ, ಮೊದಲ ಎರಡು ವಾರ ತಪ್ಪದೆ. ಆಪರೇಷನ್ ದಿನ ಗೊತ್ತುಮಾಡುವ ಮೊದಲೇ ಫಿಸಿಯೋಥೆರಪಿಯ ದಿನಗಳನ್ನು ಗೊತ್ತುಮಾಡಿ. ತೊಗರಿ ರಾಶಿ, ಹತ್ತಿ ಬಿಡಿಸುವ ಕಾಲದ ನಡುವೆ ಇಟ್ಟುಕೊಂಡು ವ್ಯಾಯಾಮ ತಪ್ಪಿಸಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಮೂಳೆ ಸವೆದ ವಯಸ್ಸಾದವರಲ್ಲಿ ಬಿಡಿಸುವಾಗ ತೋಳಿನ ಮೂಳೆ ಮುರಿಯುವ ಅಪಾಯವಿದೆ, ಅವರು ದುರ್ಬೀನಿನ ದಾರಿ ಕೇಳಬಹುದು. ಅರಿವಳಿಕೆ ಇಲ್ಲದೆ ಊರಲ್ಲಿ ಕೈ ತಿರುವಿ 'ಕಟ್' ಅನಿಸುವವರಿಂದಲೂ ಮೂಳೆ ಮುರಿದು, ನರ ಜಗ್ಗಿ ತೊಂದರೆ ಆಗಬಹುದು.

ಹಂತ 9: ರಾತ್ರಿ ಮತ್ತು ಮನೆಗೆಲಸ

ಬೆನ್ನ ಮೇಲೆ ಮಲಗುವವರು ಮೊಣಕೈ ಕೆಳಗೆ ದಿಂಬಿಟ್ಟು ಕೈ ಹಿಂದಕ್ಕೆ ಕುಸಿಯದಂತೆ ನೋಡಿಕೊಳ್ಳಿ. ಮಗ್ಗುಲಾದರೆ ಒಳ್ಳೆಯ ಭುಜದ ಕಡೆ, ನೋವಿನ ಕೈ ಎದೆಯ ಮುಂದಿನ ದಿಂಬಿನ ಮೇಲೆ.

ರೊಟ್ಟಿ ಬಡಿಯುವುದು ಪೂರ್ತಿ ನಿಲ್ಲಿಸಬೇಕಿಲ್ಲ. ಕೊಣಮಿಗೆಯನ್ನು ಮೈ ಹತ್ತಿರ ಎಳೆದುಕೊಂಡು, ಮೊಣಕೈ ಪಕ್ಕೆಗೆ ತಾಗಿರುವಂತೆ ಕೂತು, ನಾಲ್ಕು ರೊಟ್ಟಿಗೊಮ್ಮೆ ಕೈ ಜೋಲಿಬಿಟ್ಟು ತೂಗಿ. ತಲೆ ಮೇಲಿನ ಕೊಡ, ಅಟ್ಟದ ಡಬ್ಬಿ, ಸೇದುವ ಬಾವಿಯ ಹಗ್ಗ ಸದ್ಯಕ್ಕೆ ಬೇರೆಯವರಿಗೆ ಬಿಡಿ.

ಹಂತ 10: ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗುರುತುಗಳು

ಇಂಜೆಕ್ಷನ್ ಆಗಿ ಮೂರು ದಿನದ ನಂತರವೂ ನೋವು ಏರುತ್ತಿದ್ದರೆ, ಭುಜ ಕೆಂಪಾಗಿ ಬಿಸಿಯಾಗಿದ್ದರೆ, ಚಳಿಜ್ವರ ಬಂದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ಅದೇ ದಿನ ತೋರಿಸಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ. ಎಡಭುಜದ ನೋವಿನ ಜೊತೆ ಎದೆ ಹಿಂಡುವುದು, ಬೆವರು, ದವಡೆ ನೋವು ಇದ್ದರೆ ಹೃದಯದ ಕಡೆ ನೋಡಬೇಕು, ಭುಜ ಆಮೇಲೆ. ಕೈ ಬೆರಳು ಸೋತು ವಸ್ತು ಜಾರುತ್ತಿದ್ದರೆ ಕುತ್ತಿಗೆಯ ನರದ ತೊಂದರೆ ಇರಬಹುದು. ವ್ಯಾಯಾಮದ ನಡುವೆ 'ಪಟ್' ಎಂದು ಸದ್ದಾಗಿ ತೋಳು ಕಪ್ಪುಗಟ್ಟಿದರೆ ಎಕ್ಸ್-ರೇ. ಬ್ಲಾಕ್ ಕೊಟ್ಟು 24 ತಾಸು ಕಳೆದರೂ ಜೋಮು ಇಳಿಯದಿದ್ದರೆ ಆಪರೇಷನ್ ಮಾಡಿದವರಿಗೇ ಫೋನ್ ಮಾಡಿ, ಉಸಿರಾಟದ ಕಷ್ಟ ಹೆಚ್ಚಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಗುಣದ ಅಳತೆಗೆ ನೋವಿನ ಅಂಕ ಒಂದೇ ಸಾಲದು. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಗೋಡೆಗೆ ಮುಖ ಮಾಡಿ ನಿಂತು ಬೆರಳು ಎಲ್ಲಿಯವರೆಗೆ ಏರುತ್ತದೆ ಎಂದು ಪೆನ್ಸಿಲ್ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಭುಜ ಕಿವಿಗೆ ಏರಿಸಿ ಕಳ್ಳ ಎತ್ತರ ತೋರಿಸಬೇಡಿ. ನಾಲ್ಕು ಗೆರೆ ಒಂದೇ ಜಾಗದಲ್ಲಿ ಬಿದ್ದರೆ ನೋಟ್‌ಬುಕ್ ಸಮೇತ ವೈದ್ಯರ ಹತ್ತಿರ ಹೋಗಿ, ಮುಂದಿನ ಹಂತದ ಮಾತು ಅಲ್ಲಿ ಆಗಲಿ.